ಬಲಬಾಗಿಲಿನ ಮಶೀನು

ಕಾರಿನ ಒಂದು ಗಾಜು ಏರದಿದ್ದರೆ ಏನು ಮಹಾ ಎನ್ನುವವರು ಆ ವರ್ಷ, ಅಂದರೆ 2007ರಲ್ಲಿ, ಹೊಸಪೇಟೆಯಿಂದ ಸಂಡೂರಿನವರೆಗೆ ಒಮ್ಮೆ ಹೋಗಿಬರಬೇಕಿತ್ತು. ಹೋಗುವಾಗ ಬಿಳಿ ಅಂಗಿ, ಬರುವಾಗ ಕೆಂಪಂಗಿ. ಸೀನಿದರೂ ಅದಿರೇ. ಮುಂದೊಂದು ಲಾರಿ, ಹಿಂದೊಂದು ಲಾರಿ, ನಡುವೆ ಗಾಜಿಲ್ಲದ ಕಾರಿನಲ್ಲಿ ಕೂತವನನ್ನು ಮನೆಯವರೂ ಗುರುತಿಸುತ್ತಿರಲಿಲ್ಲ.

ನಾನು ಉಜ್ಜಿನಪ್ಪ, ಮೂವತ್ತು ವರ್ಷ ಹಂಪಿ ಬಜಾರಿನಲ್ಲಿ ಟ್ಯಾಕ್ಸಿ ನಿಲ್ಲಿಸಿದವನು. ಗಣಿಯ ದುಡ್ಡು ಬಂದಮೇಲೆ ಎಲ್ಲರೂ ಏಸಿ ಗಾಡಿ ತಂದರು, ನನ್ನ 1958ರ ಫಿಯೆಟ್ಟನ್ನು ಕೇಳುವವರಿಲ್ಲವಾಯಿತು. ಅದನ್ನು ಶೆಡ್ಡಿಗೆ ತಳ್ಳಿ, ಪಾಪಿನಾಯಕನಹಳ್ಳಿಯಲ್ಲಿ ಅದಿರು ರಾಶಿ ಹಾಕುವ ಪ್ಲಾಟಿನಲ್ಲಿ ಲಾರಿಗಳಿಗೆ ತಾಡಪತ್ರಿ ಕಟ್ಟುವ ಕೆಲಸಕ್ಕೆ ಸೇರಿದೆ. ಐವತ್ತಾರನೇ ವಯಸ್ಸಿನಲ್ಲಿ ಲಾರಿಯ ನೆತ್ತಿ ಹತ್ತಿ ಹಗ್ಗ ಎಳೆಯುವುದೆಂದರೆ ಏನು ಸುಡುಗಾಡು ಬಾಳು! ನನ್ನ ಮುಂದೆಯೇ ಡ್ರೈವಿಂಗ್ ಕಲಿತ ಹುಡುಗರು ಕೆಳಗೆ ಕೂತು ಜಲ್ದಿ ಜಲ್ದಿ ಎಂದು ಹಾರ್ನ್ ಹೊಡೆಯುತ್ತಿದ್ದರು.

ಅಂಥ ಹೊತ್ತಿನಲ್ಲಿ ಕಮಲಾಪುರದ ಒಂದು ಹೋಟೆಲಿನವರಿಗೆ ಹಳೆಯ ಕಾರಿನ ಹುಚ್ಚು ಹತ್ತಿತು. ಮ್ಯಾನೇಜರ್ ಶೈಲಶ್ರೀ ಮೇಡಂ ನಮ್ಮ ಶೆಡ್ಡಿಗೇ ಬಂದು ಫಿಯೆಟ್ ನೋಡಿದರು. ಅತಿಥಿಗಳನ್ನು ಸುತ್ತಾಡಿಸಲು ಒಂದೇ ಒಂದು ಕಾರು ಬೇಕು, ವರ್ಷಪೂರ್ತಿ ಕೆಲಸ, ನವೆಂಬರಿನ ಹಂಪಿ ಉತ್ಸವದೊಳಗೆ ತನ್ನಿ ಎಂದರು. ಅವರದು ಒಂದೇ ಷರತ್ತು: ಒಳಗೆ ಧೂಳು ಬರಬಾರದು, ನಾಲ್ಕೂ ಗಾಜು ಬಿಗಿಯಾಗಿ ಮುಚ್ಚಬೇಕು. ಮೂರು ಮುಚ್ಚುತ್ತಿದ್ದವು. ಮುಂದಿನ ಎಡಬಾಗಿಲಿನಲ್ಲಿ ಮಾತ್ರ, ಹಿಡಿಕೆ ತಿರುವಿದರೆ ಗಾಜನ್ನು ಎತ್ತುವ ಮಶೀನು ಹಲ್ಲು ಸವೆದು ಕೂತಿತ್ತು.

ನನ್ನ ಗಾಡಿಯ ಮುಂದಿನ ಬಾಗಿಲುಗಳು ಉಲ್ಟಾ, ಹಿಂದಕ್ಕೆ ತೆರೆಯುತ್ತವೆ. ಆಮೇಲೆ ಬಂದ ಪದ್ಮಿನಿ ಕಾರಿನ ಮಶೀನು ಅದಕ್ಕೆ ಕೂರುವುದಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯ ಹಿಂದೆ ಇಂಥದ್ದೇ ಗಾಡಿ ಬಿದ್ದಿದೆಯೆಂದು ಕೇಳಿ ಬಸ್ಸು ಹತ್ತಿದೆ. ಅಲ್ಲಿ ಬಾಗಿಲನ್ನು ಕಿತ್ತು ಕೋಳಿಗೂಡಿಗೆ ಹಾಕಿದ್ದರು, ಮಶೀನು ಯಾವತ್ತೋ ಗುಜರಿ ಸೇರಿತ್ತು. ಸಂಡೂರಿನ ಗ್ಯಾರೇಜಿನವನು, ಟಿಪ್ಪರಿನ ಸಾಮಾನು ಇದ್ದರೆ ಕೇಳು ಯಜಮಾನ, ಎಂದು ನಕ್ಕ.

ಕೊನೆಗೆ ಜಂಬಪ್ಪನ ಹತ್ತಿರ ಹೋದೆ. ಜಂಬಪ್ಪ ನನ್ನ ಷಡ್ಡಕ, ನನ್ನ ಹೆಂಡತಿ ಕೊಟ್ರಬಸಮ್ಮನ ತಂಗಿಯ ಗಂಡ. ಹೊಸಪೇಟೆಯಲ್ಲಿ ಅವನದು ಸ್ಪೇರ್ ಪಾರ್ಟ್ಸ್ ಅಂಗಡಿ. ಹೋಟೆಲು, ಕೆಲಸ, ಷರತ್ತು ಎಲ್ಲವನ್ನೂ ಒಂದೂ ಬಿಡದೆ ಅವನೆದುರು ಒದರಿದೆ. ಹುಬ್ಬಳ್ಳಿ, ಹೈದರಾಬಾದಿನಲ್ಲೆಲ್ಲ ವಿಚಾರಿಸುತ್ತೇನೆ ಎಂದು ಧೈರ್ಯ ಹೇಳಿದ.

"ಬಲಬಾಗ್ಲಾಗ ಛಲೋ ಇರೋದನ್ನ ಬಿಚ್ಚಿ ಕೊಡ್ರಿ ಅಣ್ಣಾ. ಕೈಯಾಗ ಸ್ಯಾಂಪಲ್ ಇಲ್ದ ಕೇಳಿದ್ರ ಯಾವ ಅಂಗಡ್ಯಾವ ಮುಖ ಎತ್ತಿ ನೋಡ್ತಾನ?"

ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವುದು ಅದೇ. ಇದ್ದ ಒಂದನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟು ಬಂದೆ. ದಡ್ಡ ಶಿಖಾಮಣಿ ನಾನು.

ಗಣೇಶನ ಹಬ್ಬ ಹೋಯಿತು, ದಸರಾ ಹೋಯಿತು. ಕೇಳಿದಾಗಲೆಲ್ಲ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದ. ನಾನು ಬಿಡುವಿದ್ದಾಗಲೆಲ್ಲ ಶೆಡ್ಡಿನಲ್ಲಿ ರಬ್ಬರು ಬದಲಿಸುತ್ತ, ಬಣ್ಣ ತಿಕ್ಕುತ್ತ ಇದ್ದೆ. ಉತ್ಸವಕ್ಕೆ ಎಂಟು ದಿನ ಇರುವಾಗ ಇನ್ನು ತಡೆಯಲಾಗದೆ, ನಾಲ್ಕು ದಿನ ಹೆಚ್ಚಿಗೆ ಕೇಳೋಣವೆಂದು ಹೋಟೆಲಿಗೆ ಹೋದೆ.

ಬಾಗಿಲಲ್ಲಿ ಕೆನೆಬಣ್ಣದ ಫಿಯೆಟ್ ನಿಂತಿತ್ತು. ನನ್ನದರ ಅವಳಿಯೇ. ಒಳಗೆ ಕೂತ ಜಂಬಪ್ಪ ಮೇಡಮ್ಮಿಗೆ ಬಲಗಡೆಯ ಗಾಜು ಏರಿಸಿ ಇಳಿಸಿ ತೋರಿಸುತ್ತಿದ್ದ. ನೀವು ಹಿಂದೆ ಸರಿದಿರಂತೆ, ನಿಮ್ಮ ಸಂಬಂಧಿಕರೇ ಒಪ್ಪಿಕೊಂಡದ್ದು ಒಳ್ಳೆಯದಾಯಿತು ಎಂದು ಮೇಡಂ ನನ್ನನ್ನು ನೋಡಿ ನಕ್ಕರು. ಕೊರಳಪಟ್ಟಿ ಹಿಡಿದು ಅವನನ್ನು ಮೂಲೆಗೆ ಎಳೆದೆ. ಗಾಡಿ ದಾವಣಗೆರೆಯಲ್ಲಿ ಸಿಕ್ಕಿತಂತೆ, ಅದಕ್ಕೆ ಇಲ್ಲದಿದ್ದದ್ದು ಬಲಬಾಗಿಲಿನ ಮಶೀನು ಒಂದೇ ಅಂತೆ. ಮುಖದಲ್ಲಿ ನಾಚಿಕೆಯ ಒಂದು ಗೆರೆಯೂ ಇಲ್ಲದೆ ಹೇಳಿದ.

"ಕೆಲಸ ಮನ್ಯಾಗ ಉಳೀತಲ್ಲ ಅಣ್ಣಾ. ಗಾಡಿ ನಂದು, ಓಡ್ಸೋರು ನೀವ. ಸಿಟ್ಟು ಮಾಡಬ್ಯಾಡ್ರಿ, ಅಕ್ಕಾರಿಗೆ ಹೇಳೇ ಮಾಡೀನಿ."

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಕೊಟ್ರಬಸಮ್ಮ ರೊಟ್ಟಿ ಬಡಿಯುತ್ತಿದ್ದಳು. ಇವನು ಹೀಗಂತಾನೆ, ನಿಜವೇ ಎಂದು ಕೇಳಿದೆ. ಸುಳ್ಳು ಎಂದುಬಿಡಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಗಣೇಶನ ಹಬ್ಬಕ್ಕೆ ಬಂದಾಗಲೇ ತಂಗಿ ಹೇಳಿದ್ದಳು ಎಂದಳು. ಹಾಗಾದರೆ ಅಲ್ಲಿಂದ ಇಲ್ಲಿಯವರೆಗೆ ಇವಳು ಎಲ್ಲ ಗೊತ್ತಿದ್ದೇ ಶೆಡ್ಡಿಗೆ ಚಹಾ ತಂದುಕೊಟ್ಟು, ಮಶೀನು ಸಿಕ್ಕಿತೇ ಎಂದು ಕೇಳುತ್ತಿದ್ದುದು! ಜಂಬಪ್ಪ ಕಳ್ಳ, ಅವನ ಮಾತು ಬಿಡಿ. ಆ ಚಹಾ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಒಂದು ಮಾತು ಹೇಳಬಾರದಿತ್ತೇ ಎಂದೆ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ಮೊದಲ ಸಲ ನನ್ನ ಕಡೆ ತಿರುಗಿದಳು.

"ಹೇಳಿದ್ರ ಹೋಗಿ ಮಶೀನು ಕಿತ್ಕೊಂಡು ಬರ್ತಿದ್ರಿ. ಆಮ್ಯಾಲ ಅವಂದೂ ಇಲ್ಲ, ನಿಮ್ದೂ ಇಲ್ಲ. ನಿಮ್ಮ ಗಾಡಿ ರಸ್ತಾಕ್ಕ ಬರ್ತದಂತ ನಾ ಒಂದಿನಾನೂ ನಂಬಿದ್ದಿಲ್ರಿ."

ಐದು ದಿನ ಅವಳೊಡನೆ ಮಾತು ಬಿಟ್ಟೆ. ಅವಳು ತಟ್ಟೆ ಇಟ್ಟಳು, ನಾನು ಉಂಡೆ, ಲಾರಿ ಹತ್ತಿ ಹಗ್ಗ ಎಳೆದೆ. ಆರನೆಯ ದಿನ, ನಾಚಿಕೆ ಬಿಟ್ಟು ಹೇಳುತ್ತೇನೆ, ಜಂಬಪ್ಪನ ಮನೆಗೆ ನಾನೇ ಹೋಗಿ ಕೀಲಿಕೈ ಇಸಿದುಕೊಂಡೆ. ಸ್ಟಿಯರಿಂಗ್ ಹಿಡಿಯದೆ ಎರಡು ವರ್ಷವಾಗಿತ್ತು. ಬೇರೆ ನೆವ ಹೇಳುವುದಿಲ್ಲ.

ಮೊದಲ ದಿನ ಹಂಪಿಯಲ್ಲಿ ವಿರೂಪಾಕ್ಷನ ಮುಂದೆ ಗಾಡಿಗೆ ಪೂಜೆ ಮಾಡಿಸಬೇಕೆಂದಾಯಿತು. ನಾನು ಗಾಡಿ ಸ್ಟಾರ್ಟ್ ಮಾಡಿ ಕೂತೆ. ಡ್ರೈವರು ಬಳಗದವನಾದರೆ ಯಾರಾದರೂ ಒಬ್ಬರು ಅವನ ಪಕ್ಕದಲ್ಲಿ ಕೂರುತ್ತಾರೆ. ಸಂಬಳದವನಾದರೆ ಮನೆಯವರೆಲ್ಲ ಹಿಂದೆ. ಜಂಬಪ್ಪ ಹಿಂದಿನ ಬಾಗಿಲು ತೆರೆದು ಹೆಂಡತಿಯನ್ನು ಹತ್ತಿಸಿ ತಾನೂ ಕೂತ. ಕೊಟ್ರಬಸಮ್ಮ ಹೂವಿನ ಬುಟ್ಟಿ ಹಿಡಿದು ನನ್ನ ಪಕ್ಕದ ಬಾಗಿಲವರೆಗೂ ಬಂದಳು. ಬಗ್ಗಿ ನನ್ನ ಮುಖ ನೋಡಿದಳು. ಬಾ ಎಂದು ನಾನೂ ಅನ್ನಲಿಲ್ಲ. ಬುಟ್ಟಿಯನ್ನು ಮುಂದಿನ ಸೀಟಿನ ಮೇಲಿಟ್ಟು, ಹಿಂದೆ ಹೋಗಿ ತಂಗಿಯ ಪಕ್ಕ ಒತ್ತಿಕೊಂಡು ಕೂತಳು.

"ನಡೀರಿ ಇನ್ನ" ಎಂದ ಜಂಬಪ್ಪ. ಅಣ್ಣಾ ಎನ್ನಲಿಲ್ಲ. ನಾನು ಗೇರ್ ಹಾಕಿದೆ.