ಬೀಬಿಯ ಮೊಣಕಾಲು

"ಇನ್ನೂ ತಿಕ್ಕು," ಎಂದಳು ತೀರಿಕೊಂಡವಳ ಮಯ್ಯಿತ್ತಿಗೆ ಸ್ನಾನ ಮಾಡಿಸಲು ಬಂದ ಮಲಯಾಳಿ ಮುದುಕಿ. ಮಿಸ್ರಿಯಾ ಹಲ್ಲುಕಡ್ಡಿ ಹಿಡಿದು ತಾಯಿ ಆಯಿಷಮ್ಮನ ಉಗುರಡಿಯ ಕಪ್ಪು ಮಣ್ಣು ಕೆರೆಯುತ್ತಿದ್ದಳು. ಸಂದಿಗೊಂದಿಗೂ ನೀರು ತಾಗದಿದ್ದರೆ ಅದು ಸ್ನಾನವೇ ಅಲ್ಲ ಎಂಬುದು ಮುದುಕಿಯ ಹಟ.

ಪರದೆಯಾಚೆ ವಿಲ್ಮಾ ನಿಂತಿದ್ದಳು. ಆಯಿಷಮ್ಮನ ಜೊತೆ ಹತ್ತು ವರ್ಷ ಅದೇ ಮಣ್ಣು ಹೊತ್ತವಳು. "ಅದು ಹೋಗುವುದಿಲ್ಲ ಮಗಾ. ನಮ್ಮ ಕೈಯಿಂದ ಯಾವತ್ತಾದರೂ ಹೋದದ್ದುಂಟಾ?" ಎಂದಳು.

ನಿನ್ನೆ ಬೆಳಿಗ್ಗೆ ರೆಸಾರ್ಟಿನಲ್ಲಿ ಬಿಸಿ ಮಣ್ಣಿನ ಬಕೆಟು ಹಿಡಿದುಕೊಂಡೇ ಆಯಿಷಮ್ಮ ಕುಸಿದು ಬಿದ್ದಿದ್ದಳು. ಕೀಲುನೋವಿಗೆ ಹಚ್ಚಿದ ಮಣ್ಣು ಆರಿಹೋಯಿತೆಂದು ಒಳಗೆ ಮಲಗಿದ್ದ ಗಿರಾಕಿ ಗೊಣಗಿದ್ದೂ ಆಯಿತು.

* * *

ಕೊಲ್ಲಿ ದೇಶದ ಅಲ್ ವಕ್ರಾ ದಾಟಿ ಇನ್ನೂ ದಕ್ಷಿಣಕ್ಕೆ ಹೋದರೆ ಸಿಗುವ ಉಮ್ಮುಲ್ ತೀನ್ ಚೆಂದದ ಊರೇ, ಸುಳ್ಳು ಹೇಳಬಾರದು. ಹಿಂದೆ ಮುತ್ತು ಹೆಕ್ಕಲು ಕಡಲಲ್ಲಿ ಮುಳುಗುತ್ತಿದ್ದವರು ಕೀಲುನೋವಿಗೆ ಅಲ್ಲಿನ ದಂಡೆಯ ಕೆಸರಿನಲ್ಲಿ ಮಲಗುತ್ತಿದ್ದರಂತೆ. ಆಮೇಲೆ ತಗಡಿನ ಶೆಡ್ಡು ಬಂತು. ಆಮೇಲೆ ಬಿಳಿ ಬಂಗಲೆಗಳು, ಖರ್ಜೂರದ ಸಾಲು, ಸಮುದ್ರ ನೋಡುವ ಕುರ್ಚಿಗಳು. ಕುವೈತ್ ಯುದ್ಧ ಮುಗಿದ ಮೇಲೆ ಬಹರೈನಿನವರೂ ಬರತೊಡಗಿದರು. ಕುಂಟುತ್ತ ಬಂದವರು ನೆಟ್ಟಗೆ ನಡೆದು ಹೋಗುತ್ತಾರೆಂದು ಬಾಗಿಲಲ್ಲೇ ದೊಡ್ಡ ಬೋರ್ಡು. ಮಣ್ಣು ಹೊರುವವರ ಸೊಂಟದ ಸಂಗತಿಗೆ ಅದರಲ್ಲಿ ಜಾಗ ಸಾಲಲಿಲ್ಲ, ಪಾಪ.

ಒಮ್ಮೆ ಆಯಿಷಮ್ಮನ ಸೊಂಟವೇ ಹಿಡಿದುಕೊಂಡಿತು. ಗಿರಾಕಿಗಳ ಮೈಯಿಂದ ತೆಗೆದ ಮಣ್ಣನ್ನಾದರೂ ಹಚ್ಚಿಕೊಳ್ಳಲೇ ಎಂದು ಕೇಳಿದಳು. ಅದು ಸಮುದ್ರಕ್ಕೆ ಸುರಿಯುವ ಮಣ್ಣು, ಕೆಲಸದವರಿಗಲ್ಲ ಎಂದರು ರೆಸಾರ್ಟಿನವರು.

ಪಿಯುಸಿ ಮುಗಿಸಿದ ಮಗಳು ರಜೆಗೆಂದು ಬಂದವಳು ಒಂದು ದಿನ ಆಟಕ್ಕೆ ಬಕೆಟಿಗೆ ಕೈ ಹಾಕಿದಳು. ಆಯಿಷಮ್ಮ ಆ ಕೈಗೆ ಫಟ್ಟನೆ ಬಾರಿಸಿದಳು. ರಾತ್ರಿ ಗಂಡ ಮೋನಬ್ಬನನ್ನು ಕೂರಿಸಿಕೊಂಡು, "ನಾನು ಮಣ್ಣಿಗೆ ಬಿದ್ದದ್ದು ಸಾಕು. ಇವಳು ಮಂಗಳೂರಿಗೆ ಹೋಗಿ ನರ್ಸಿಂಗಿಗೆ ಸೇರಬೇಕು. ಮಾತು ಕೊಡಿ," ಎಂದಳು.

ಅವನು ಕೊಟ್ಟ. ರೆಸಾರ್ಟಿನ ಒಡತಿ ಬೀಬಿಯ ಕಾರು ಓಡಿಸುವವನಿಗೆ ಮಾತು ಕೊಡುವುದಕ್ಕೇನು ಖರ್ಚು?

* * *

ಗಂಡಸರು ದಫನ ಮುಗಿಸಿ ಬಂದ ಬೆನ್ನಿಗೇ ಬೀಬಿಯೂ ಬಂದಳು. ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತು ನಿಜವಾಗಿಯೇ ಅತ್ತಳು. ಆಯಿಷಮ್ಮನಂಥ ಕೈ ಇನ್ನು ಹುಟ್ಟಲಿಕ್ಕಿಲ್ಲ ಎಂದು ಮುರುಕು ಹಿಂದಿಯಲ್ಲಿ ಕೊಂಡಾಡಿದಳು. ಅಜ್ಜಿಗೆ ಅರಿವೆ ಚಿಂತೆ ಎಂಬ ಗಾದೆಯಂತೆ, ಕಣ್ಣೊರೆಸಿಕೊಂಡವಳೇ ದಿನವೂ ಆಯಿಷಮ್ಮ ಒತ್ತುತ್ತಿದ್ದ ತನ್ನ ಮೊಣಕಾಲಿನ ಸುದ್ದಿಗೆ ಬಂದಳು. ನಿನ್ನೆಯಿಂದ ಯಾರೂ ಮುಟ್ಟಿಲ್ಲ, ವಿಲ್ಮಾಳ ಕೈ ಬಲು ಒರಟು ಎಂದಳು. ಮಿಸ್ರಿಯಾಳ ಅಂಗೈ ಎಳೆದುಕೊಂಡು ಒತ್ತಿ ನೋಡಿದಳು.

ವಿಲ್ಮಾಳಿಗೆ ಮೈಯೆಲ್ಲ ಉರಿದುಹೋಯಿತು. "ಮುಂದಿನ ವಾರ ಹುಡುಗಿಗೆ ಫ್ಲೈಟ್ ಉಂಟಲ್ಲ ಮೋನಬ್ಬ?" ಎಂದಳು.

ಬಾಗಿಲಲ್ಲಿ ನಿಂತಿದ್ದ ಮೋನಬ್ಬ ನೆಲ ನೋಡಿದ. "ಕೆಲಸ ಖಾಲಿ ಇಡುವುದಿಲ್ಲ ಅವರು. ಇವಳ ಪಾಸ್‌ಪೋರ್ಟ್ ರೆಸಾರ್ಟಿನ ಆಫೀಸಿಗೆ ಕೊಟ್ಟಾಯ್ತು. ಖಲಾಸ್."

"ಯಾವಾಗ ಕೊಟ್ಟಿರಿ ಉಪ್ಪಾ?" ಎಂದು ಮಿಸ್ರಿಯಾ ಕೇಳಿದಳು.

"ಖಬರಸ್ಥಾನಕ್ಕೆ ಹೋಗುವ ದಾರಿಯಲ್ಲೇ ಆಫೀಸ್ ಸಿಗ್ತದಲ್ಲ," ಎಂದ.

ಬೀಬಿ ಅಬಾಯದಂಚನ್ನು ಮೇಲೆತ್ತಿ ಒಂದು ಕಾಲನ್ನು ಮಿಸ್ರಿಯಾಳ ಮಡಿಲಿಗೆ ಚಾಚಿದಳು. ಹುಡುಗಿ ಒಮ್ಮೆ ತಂದೆಯತ್ತ ನೋಡಿದಳು. ಆಮೇಲೆ ಹೆಬ್ಬೆರಳು ಊರಿ ಒತ್ತತೊಡಗಿದಳು. ಬೀಬಿ ಹಾಯೆಂದು ಕಣ್ಣು ಮುಚ್ಚಿದಳು.

ಸುತ್ತ ಕೂತು ಸತ್ತವಳಿಗಾಗಿ ಯಾಸೀನ್ ಓದುತ್ತಿದ್ದ ಹೆಂಗಸರು ಓದು ನಿಲ್ಲಿಸದೆಯೇ ಸ್ವಲ್ಪ ಸರಿದು, ಇನ್ನೊಂದು ಕಾಲಿಗೂ ಜಾಗ ಮಾಡಿಕೊಟ್ಟರು.