ಸರಾಗಿಲ್ ವಿರುದ್ಧ ಸರಾಗೋಲ್

ನನ್ನ ಸೋದರಮಾವ ತಯಾರಿಸುವ ಕೆಮ್ಮಿನ ಔಷಧದ ಹೆಸರು ಸರಾಗಿಲ್. ಉಸಿರು ಸರಾಗವಾಗಿ ಆಡಲಿ ಎಂದು ಮಾವನೇ ಇಟ್ಟ ಹೆಸರು. ಹೋದ ವರ್ಷ ದೊಡ್ಡ ಕಂಪನಿಯೊಂದು ಸರಾಗೋಲ್ ಎಂಬ ಭೇದಿ ಔಷಧ ತಂದಿತು. ಅಲ್ಲಿ ಸರಾಗವಾಗಬೇಕಾದದ್ದು ಏನೆಂದು ಬಿಡಿಸಿ ಹೇಳಬೇಕಿಲ್ಲ. ಅದೇ ಕಂದು ಬಾಟಲಿ, ಅದೇ ಬಿಳಿ ಮುಚ್ಚಳ. ಕೆಮ್ಮಿಗೆಂದು ಕುಡಿದವರು ಪಾಯಖಾನೆ ಬಿಟ್ಟು ಬರದಂತಾದರು. ಬೈಗುಳವೆಲ್ಲ ಮಾವನಿಗೆ. ಔಷಧದಂಗಡಿಯವರು ಒಬ್ಬೊಬ್ಬರಾಗಿ ಸರಾಗಿಲ್ ತರಿಸುವುದನ್ನೇ ನಿಲ್ಲಿಸಿದರು. ಜನಕ್ಕೆ ಗೊಂದಲವಾಗುವ ಆ ಹೆಸರು ನಿಲ್ಲಿಸಿ ಎಂದು ಮಾವ ಕಂಪನಿಯ ಮೇಲೆ ಕೇಸು ಹಾಕಿದ. ಸೋತರೆ ಕಾರ್ಖಾನೆಗೆ ಬೀಗ ಜಡಿಯಬೇಕಿತ್ತು. ದೊಡ್ಡ ವಕೀಲರನ್ನು ಹಿಡಿಯುವ ತಾಕತ್ತಿಲ್ಲದೆ ಅಕ್ಕನ ಮಗಳನ್ನೇ, ಅಂದರೆ ನನ್ನನ್ನೇ, ಕಣಕ್ಕಿಳಿಸಿದ್ದ.

ಎದುರಿಗೆ ನಿಂತವರು ನಗಾರಿ ವಕೀಲರು. ಬಾಯಿ ತೆರೆದರೆ ಕಿಟಕಿ ಗಾಜು ಅದುರುತ್ತದೆಂದು ಬಂದ ಹೆಸರು. ವಿಚಾರಣೆಯ ದಿನ ಅವರಿಗೇ ಕೆಮ್ಮು ಹಿಡಿದಿತ್ತು.

"ಮಹಾಸ್ವಾಮಿ, ಬುದ್ಧಿ ನೆಟ್ಟಗಿರೋ ಯಾವ ಮನುಷ್ಯ ಇವೆರಡನ್ನ ಅದಲುಬದಲು ಮಾಡ್ತಾನೆ?" ಎಂದು ಖೊಕ್ಕನೆ ಕೆಮ್ಮಿದರು. ನಾಟಕವಾಡದೆ ವಾದ ಮಾಡಲು ಅವರಿಗೆ ಬರುವುದಿಲ್ಲ. ಓದುವ ಕನ್ನಡಕವನ್ನು ಹಣೆಗೇರಿಸಿ, ಸಾಕ್ಷಿಯೆಂದು ಮೇಜಿನ ಮೇಲಿಟ್ಟಿದ್ದ ಬಾಟಲಿಗಳಲ್ಲಿ ಒಂದನ್ನು ಎತ್ತಿದರು. "ನೋಡಿ, ನನಗೆ ಕೆಮ್ಮು. ಎದುರು ಪಕ್ಷದವರ ಔಷಧಾನೇ ಕುಡೀತೀನಿ. ನನಗೇನಾದ್ರೂ ಗೊಂದಲ ಆಯ್ತಾ?" ಎನ್ನುತ್ತಾ ಎರಡು ಮುಚ್ಚಳ ಗುಟುಕರಿಸಿದರು. ನ್ಯಾಯಾಧೀಶರೂ ನಕ್ಕರು.

ನಾನು ನಗಲಿಲ್ಲ. ಬಾಟಲಿಯ ಚೀಟಿ ನನ್ನ ಕಡೆಗಿತ್ತು. ಅದು ಸರಾಗೋಲ್.

ಕೂಗಿ ಹೇಳೋಣವೆಂದು ಬಾಯಿ ತೆರೆದೆ. ಹೇಳಿದ್ದರೆ, ಬೇಕೆಂದೇ ಕುಡಿದೆ ಎಂದು ಜಾರಿಕೊಳ್ಳುವ ಆಸಾಮಿ ಅದು. ಬಾಯಿ ಮುಚ್ಚಿಕೊಂಡೆ. ಸರಾಗೋಲ್ ಜಾಹೀರಾತು ಊರಿಗೆಲ್ಲ ಬಾಯಿಪಾಠ: ಅರ್ಧ ಗಂಟೆಯಲ್ಲಿ ಫಲ, ಖಾತರಿ.

"ಉತ್ತರ ಏನಾದ್ರೂ ಇದೆಯೇನಮ್ಮಾ?" ನ್ಯಾಯಾಧೀಶರು ಗಡಿಯಾರ ನೋಡಿದರು. ಊಟದ ಹೊತ್ತು ಹತ್ತಿರವಾಗಿತ್ತು.

"ಸ್ವಲ್ಪ ಇದೆ, ಮಹಾಸ್ವಾಮಿ."

ನನ್ನ ಬಳಿ ಇದ್ದದ್ದು ಐದು ನಿಮಿಷದ ಸರಕು. ಅದನ್ನೇ ಎಳೆದೆ. ಬಾಟಲಿಯ ಆಕಾರ, ಮುಚ್ಚಳದ ಬಣ್ಣ, ಚೀಟಿಯ ಅಂಚು ಎಂದು ಹೇಳಿದ್ದನ್ನೇ ತಿರುಗಾಮುರುಗಾ ಹೇಳಿದೆ. ನ್ಯಾಯಾಧೀಶರು ಆಕಳಿಸಿದರು. ಮಾವ ಹಿಂದಿನಿಂದ ನನ್ನ ಕರಿಕೋಟು ಜಗ್ಗಿ, "ಸಾಕು ನಿಲ್ಸೇ, ಅವರಿಗೆ ಸಿಟ್ಟು ಬರುತ್ತೆ" ಎಂದು ಪಿಸುಗುಟ್ಟಿದ. ಎದುರಾಳಿಯ ಜಾಹೀರಾತು ನಿಜವಾಗಲಪ್ಪಾ ಎಂದು ಬೇಡಿಕೊಂಡ ವಕೀಲೆ ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ಕಂಪನಿ ಸುಳ್ಳು ಹೇಳಿರಲಿಲ್ಲ. ವಕೀಲರು ಮೊದಲು ಕಾಲು ಬದಲಿಸಿದರು, ಆಮೇಲೆ ಮುಖದ ಬಣ್ಣ ಬದಲಾಯಿತು. "ಮಹಾಸ್ವಾಮಿ, ಐದು ನಿಮಿಷ ಬಿಡುವು ಬೇಕಿತ್ತು..." ನಗಾರಿ ಹೋಗಿ ಪೀಪಿಯಾಗಿತ್ತು.

"ನನ್ನ ಅಭ್ಯಂತರ ಇಲ್ಲ," ಎಂದೆ. "ಅವರು ಕುಡಿದ ಬಾಟಲಿ ಯಾವುದು ಅಂತ ಮೊದಲು ದಾಖಲಾಗಲಿ."

ಗುಮಾಸ್ತ ಬಾಟಲಿ ಎತ್ತಿ ಹೆಸರು ಓದಿದ. ನ್ಯಾಯಾಧೀಶರ ಆಕಳಿಕೆ ಅರ್ಧಕ್ಕೇ ನಿಂತಿತು. "ಗೊತ್ತಿದ್ದೇ ಕುಡಿದ್ರಾ ವಕೀಲರೇ?"

"ಇಲ್ಲ ಸ್ವಾಮಿ, ಗೊತ್ತಾಗ್ಲಿಲ್ಲ! ಬರ್ಕೊಳ್ಳಿ, ಬರ್ಕೊಳ್ಳಿ!" ಎನ್ನುತ್ತಲೇ ಅವರು ಬಾಗಿಲು ದಾಟಿದ್ದರು.

ಊಟಕ್ಕೆ ಏಳುವ ಮುಂಚೆಯೇ ತಡೆಯಾಜ್ಞೆ ಸಿಕ್ಕಿತು. ಆ ಹೆಸರಿನಲ್ಲಿ ಕಂಪನಿ ಇನ್ನು ಒಂದು ಬಾಟಲಿಯನ್ನೂ ಮಾರುವಂತಿಲ್ಲ.

ನನಗೆ ಕುಣಿದಾಡುವಷ್ಟು ಖುಷಿ. ಮಾವ ಮಾತ್ರ ಮುಖ ಗಂಟಿಕ್ಕಿದ್ದ. "ನೋಡಿದ್ದೂ ಸುಮ್ನಿದ್ಯಾ? ತಪ್ಪು ಔಷಧ ಯಾರೂ ಕುಡೀಬಾರ್ದು ಅಂತ ತಾನೇ ಕೇಸು ಹಾಕಿದ್ದು?"

ಅವನು ನೀರಿನ ಜಗ್ಗು ಹಿಡಿದು ಕಾರಿಡಾರಿನ ತುದಿಯ ಪಾಯಖಾನೆಯ ಮುಂದೆ ಹೋಗಿ ನಿಂತ. ನಾನೂ ಹಿಂದೆಯೇ ಹೋದೆ.

"ಸ್ವಾಮಿ, ನೀರು ತಂದಿದೀನಿ. ಹೇಗಿದೀರಿ?"

ಒಳಗಿನಿಂದ ದೀನ ದನಿ ಬಂತು. "ಇದು ಎಷ್ಟೊತ್ತಿಗೆ ನಿಲ್ಲುತ್ತೆ ಹೇಳ್ರೀ. ಔಷಧ ಮಾಡೋರಲ್ವಾ ನೀವು?"

ಮಾವ ಜಗ್ಗನ್ನು ನೆಲಕ್ಕಿಟ್ಟು ಬಹಳ ವಿನಯದಿಂದ ಹೇಳಿದ:

"ಅದು ನಮ್ಮದಲ್ಲ ಸ್ವಾಮಿ. ಎಷ್ಟು ಸಲ ಹೇಳೋದು?"