ಬಾಗಿಲು ತೆಗೆದವಳು

"ಈ ಸಲ ರಾಣಿ ಪಾರ್ಟು ನಿಮ್ಗಿಲ್ಲ, ಸಾವಂತ್ರಮ್ಮ" ಎಂದು ಹೇಳುವಾಗ ಬೆನಕಪ್ಪ ಮೇಷ್ಟ್ರು ಹಾರ್ಮೋನಿಯಂನಿಂದ ತಲೆ ಎತ್ತಲಿಲ್ಲ.

ಸಾವಂತ್ರಮ್ಮ ಚನ್ನಗಿರಿಯಿಂದ ಬಸ್ಸು ಬದಲಿಸಿ ಬಂದು, ಸವಳಂಗದಲ್ಲಿ ಇಳಿದು, ಟ್ರಂಕು ಹೊತ್ತುಕೊಂಡು ಆಗಷ್ಟೇ ಹಳೇಕೋಟೆ ಮುಟ್ಟಿದ್ದಳು. ತಾಲೀಮಿನ ಪಡಸಾಲೆಯಲ್ಲಿ ಪ್ರತಿವರ್ಷ ತಾನು ಕೂರುತ್ತಿದ್ದ ಚಾಪೆಯ ಮೇಲೆ ದಾವಣಗೆರೆಯ ಹುಡುಗಿ ಜಯಶೀಲ ಕೂತು ರಾಣಿಯ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಳು.

ಹಳೇಕೋಟೆಯವರು ಬೇಸಗೆಯಲ್ಲಿ ಆಡುತ್ತಿದ್ದುದು ಒಂದೇ ನಾಟಕ. ಹಿಂದೆ ತಮ್ಮೂರನ್ನು ಆಳಿದನೆಂದು ಅವರು ನಂಬಿದ್ದ ಹಾಲಗೊಂಡ ನಾಯಕನದು. ಬರೆದವರು ಮೇಷ್ಟ್ರ ತಂದೆ. ಅವರು ತೀರಿಹೋದ ಮೇಲೆ ಅದರ ಒಂದಕ್ಷರವನ್ನೂ ಯಾರೂ ಮುಟ್ಟಿರಲಿಲ್ಲ. ಊರಿಗೆ ಅದೇ ಚರಿತ್ರೆ. ನಾಯಕನ ಪಾರ್ಟು ಅಕ್ಕಿ ಗಿರಣಿಯ ಮಹೇಶ್ವರಪ್ಪನದು. ಪಟ್ಟದ ರಾಣಿ, ತಾನಿದ್ದ ನಾಟಕ ಕಂಪನಿ ಮುಚ್ಚಿದಾಗಿನಿಂದಲೂ, ಸಾವಂತ್ರಮ್ಮ.

"ಹಂಗಾದ್ರೆ ನಂಗೆ ವೀಳ್ಯ ಯಾಕೆ ಕಳ್ಸಿದ್ರಿ?"

ಪಕ್ಕದಲ್ಲೇ ಕೂತಿದ್ದ ಮಹೇಶ್ವರಪ್ಪ ನಡುವೆ ಬಾಯಿ ಹಾಕಿದ. "ಈ ಹುಡುಗಿ ಆಮೇಲೆ ಸಿಕ್ತು ಕಣ್ರಿ. ವೀಳ್ಯ ಕೊಟ್ಟು ವಾಪಸ್ ಕಳ್ಸಾಕೆ ಆಗ್ತೈತೇನು? ಮೇಷ್ಟ್ರೇ, ಇವ್ರಿಗೂ ಏನಾರ ಒಂದು ಮಾಡಿ ಕೊಡ್ರಿ. ಕಣಿ ಹೇಳೋ ಗೂನು ಮುದುಕಿ ಮಾಡ್ರಿ. ಜನ ನಗ್ತಾರೆ."

ಜಯಶೀಲ ಪುಸ್ತಕದ ಮರೆಯಲ್ಲಿ ನಕ್ಕಳು. ಸಾವಂತ್ರಮ್ಮ ಟ್ರಂಕು ಎತ್ತಿಕೊಂಡಳು.

ತಿರುಗಿ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಎಂದಿನಂತೆ ಕಲ್ಲಮ್ಮನ ಮನೆಯಲ್ಲಿ ಇಳಿದುಕೊಂಡಳು. ಮಾರನೆಯ ದಿನ ಮಧ್ಯಾಹ್ನ ಮೇಷ್ಟ್ರು ಒಬ್ಬರೇ ಇದ್ದಾಗ ಹೋಗಿ ಎದುರಿಗೆ ಕೂತಳು. ಅಷ್ಟು ವರ್ಷ ಪರದೆಯ ಹಿಂದೆ ನಿಂತು ಕೇಳಿ ಕೇಳಿ ನಾಟಕವಿಡೀ ಅವಳಿಗೆ ಬರುತ್ತಿತ್ತು.

"ಮೇಷ್ಟ್ರೇ, ನಾಯಕನ ತಾಯಿ ಹಡೆದ ದಿನವೇ ಸತ್ತಳು ಅಂತ ಮೊದಲ್ನೇ ಅಂಕದಾಗೆ ಐತೆ. ಕೂಸಿಗೆ ಹಾಲು ಕೊಟ್ಟೋರು ಯಾರು?"

"ಅದನ್ನ ಅಪ್ಪಾಜಿ ಬರೆದಿಲ್ಲ."

"ಬುರುಜು ಕುಸೀತೈತೆ ಅಂತ ನಾಯಕ ಒಬ್ಬ ಹುಡುಗನ್ನ ಬಲಿ ಕೊಡಿಸ್ತಾನಲ್ಲ, ಅವ ಯಾರ ಮಗ?"

ಮೇಷ್ಟ್ರು ಬೀಡಿ ಹಚ್ಚಿದರು.

"ಕಡೆಗೆ ವೈರಿಗಳಿಗೆ ಕೋಟೆ ಬಾಗ್ಲು ಯಾರೋ ತೆಗೆದ್ರು ಅಂತಷ್ಟೇ ಐತೆ. ಯಾರು?"

ಮೇಷ್ಟ್ರ ಬೆರಳ ಸಂದಿಯ ಬೀಡಿ ಆರಿಹೋಗಿತ್ತು. "ಸಾಕಿದವಳೇ..." ಎಂದರು ತಮ್ಮಷ್ಟಕ್ಕೆ. "ಮೂರಕ್ಕೂ ಒಬ್ಬಳೇ. ಅಪ್ಪಾಜಿದು ಒಂದು ಮಾತೂ ತೆಗೀಬೇಕಿಲ್ಲ."

ಇಬ್ಬರೂ ಕೂತು ಮೂರು ದೃಶ್ಯ ಕಟ್ಟಿದರು. ಮೇಷ್ಟ್ರಿಗೆ ಅಷ್ಟು ಹುರುಪು ಬಂದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಆದರೆ ಸಂಜೆ ತಾಲೀಮಿಗೆ ಬಂದ ಮಹೇಶ್ವರಪ್ಪ ಕೇಳಿದವನೇ ಕೆಂಪಾದ.

"ಹಾಲು ಕೊಟ್ಟೋಳು ಅಂತ ಇರ್ಲಿ. ಬಲಿಯಾದ ಹುಡುಗ ಅವಳ ಮಗ ಅಂತಾನೂ ಇರ್ಲಿ, ದಣಿಗೆ ಮಗನ್ನ ಕೊಟ್ಟ ತಾಯಿ ಅಂದ್ರೆ ಚೆಂದಾಗೇ ಐತೆ. ನಾಯಕನ ಹೆಣದ ಮುಂದೆ ಅಳ್ಲಿ. ಬಾಗ್ಲು ಮಾತ್ರ ಮುಟ್ಟಂಗಿಲ್ಲ. ನಾವು ಅವನ ಕುಲದೋರು. ಮನೆಯಾಗಿನ ಹೆಂಗಸಿಂದ ಹಾಳಾದ ಅಂತ ಅನ್ನಿಸ್ಕಬೇಕಾ?"

"ತನ್ನ ಮಗನ್ನ ಕಿತ್ಕೊಂಡು ಗೋಡೆಗೆ ಹಾಕಿದೋನ ಹೆಣಕ್ಕೆ ಯಾವ ತಾಯಿ ಅಳ್ತಾಳ್ರಿ?" ಎಂದು ಕೇಳಿದಳು ಸಾವಂತ್ರಮ್ಮ.

"ನಮ್ಮ ನಾಟಕದಾಗೆ ಅಳ್ತಾಳೆ" ಎಂದ ಮಹೇಶ್ವರಪ್ಪ.

ಸಾವಂತ್ರಮ್ಮ ಹೂಂ ಎಂದಳು.

ನಾಟಕದ ದಿನ ಕೋಟೆ ಬೀಳುವ ದೃಶ್ಯ ಬರುವ ಹೊತ್ತಿಗೆ ಮೂಡಲು ಬೆಳ್ಳಗಾಗುತ್ತಿತ್ತು. ಬೇರೆ ವರ್ಷಗಳಲ್ಲಿ ಪರದೆಯ ಹಿಂದಿನಿಂದ "ಬಾಗಿಲು ತೆರೆಯಿತು!" ಎಂದು ಯಾರೋ ಕೂಗುತ್ತಿದ್ದರು, ಅಷ್ಟೆ. ಅವತ್ತು ಕೂಗುವವನು ಬಾಯಿ ತೆರೆಯುವ ಮೊದಲೇ ಬಿಳಿ ಸೀರೆಯ ಸಾವಂತ್ರಮ್ಮ ರಂಗದ ಮೇಲೆ ನಡೆದುಬಂದಳು. ಗೋಣಿತಟ್ಟಿಗೆ ಬಣ್ಣ ಬಳಿದ ಕೋಟೆಯ ಬಾಗಿಲಿಗೆ ಕೆನ್ನೆಯಾನಿಸಿ ನಿಂತಳು.

"ಈ ಅಗುಳಿ ತಣ್ಣಗಿದೆ, ಮಗನೇ. ನಿನ್ನ ಮೇಲೆ ಹೇರಿದ ಕಲ್ಲೂ ಹೀಗೇ ತಣ್ಣಗಿದ್ದೀತು."

ಹಾರ್ಮೋನಿಯಂ ನಿಂತುಹೋಯಿತು. ಅವಳು ಅಗುಳಿ ಎಳೆದಳು. ಆಮೇಲೆ ಮೇಷ್ಟ್ರ ಬೆರಳುಗಳು ತಾವಾಗಿಯೇ ಯುದ್ಧದ ಮಟ್ಟು ಹಿಡಿದವು.

"ಥೂ ನಿನ್ನ! ಎದೆಹಾಲು ಕೊಟ್ಟ ಕೂಸಿಗೇ ದ್ರೋಹ ಮಾಡ್ತೀಯೇನೇ!" ಮುಂದೆ ಕೂತಿದ್ದ ಕಲ್ಲಮ್ಮ ಎದ್ದು ನಿಂತು ಚೀರಿದಳು. ಯಾರದೋ ಚಪ್ಪಲಿ ಬಂದು ಸಾವಂತ್ರಮ್ಮನ ಭುಜಕ್ಕೆ ಬಡಿಯಿತು. ಅವಳಿಗೆ ನೋವಾಗಲಿಲ್ಲ. ರಾಣಿಯಾಗಿ ಬೆಂಕಿಗೆ ಹಾರುತ್ತಿದ್ದಾಗ ಅರ್ಧ ಊರು ತೂಕಡಿಸುತ್ತಿತ್ತು. ಇವತ್ತು ಒಬ್ಬರ ಕಣ್ಣೂ ಮುಚ್ಚಿರಲಿಲ್ಲ.

ಆ ಹಿಗ್ಗು ಬಿಸಿಲೇರುವವರೆಗೂ ಉಳಿಯಲಿಲ್ಲ. ಅವಳ ಟ್ರಂಕು ಕಲ್ಲಮ್ಮನ ಮನೆಯ ಜಗಲಿಯ ಮೇಲೆ ಬಂದು ಕೂತಿತ್ತು. ಕಲ್ಲಮ್ಮ ಒಳಗಿನಿಂದಲೇ ಮಾತಾಡಿದಳು. "ಅದು ಪಾರ್ಟು ಅಂತ ನಂಗೂ ಗೊತ್ತೈತೆ ಕಣಕ್ಕ. ಆದ್ರೂ ಒಳಗೆ ಕರ್ಯಾಕೆ ಮನಸಾಗಲ್ಲ."

ಮಹೇಶ್ವರಪ್ಪ ಇನ್ನೂ ಮುಖದ ಬಣ್ಣ ತೊಳೆದಿರಲಿಲ್ಲ. ಅಲ್ಲಿಯವರೆಗೆ ಅವಳಿಗೆ ಏಕವಚನ ಆಡದಿದ್ದವನು "ಇನ್ನೊಂದು ಸಲ ಈ ಊರಾಗೆ ಕಾಲಿಟ್ಟು ನೋಡು" ಎಂದ. ಮೇಷ್ಟ್ರು ಹಾರ್ಮೋನಿಯಂಗೆ ಬಟ್ಟೆ ಸುತ್ತುತ್ತಿದ್ದರು. ಸುತ್ತುತ್ತಲೇ ಇದ್ದರು.

ಮುಂದೆ ಆ ಊರಿನಿಂದ ವೀಳ್ಯ ಬರಲಿಲ್ಲ. ಬರೆದದ್ದನ್ನು ಬಿಟ್ಟು ಆಡುವ ಹೆಂಗಸು ಎಂಬ ಮಾತು ಹೊನ್ನಾಳಿಯ ಕಡೆಗೂ ಹಬ್ಬಿ, ಬೇರೆ ಊರುಗಳವರೂ ಕರೆಯುವುದನ್ನು ಬಿಟ್ಟರು. ಸಾವಂತ್ರಮ್ಮ ಚನ್ನಗಿರಿಯಲ್ಲಿ ರವಿಕೆ ಹೊಲಿಯುತ್ತಾ ಕೂತಳು. ಹಳೇಕೋಟೆಯವರು ಈಗಲೂ ಸಾಕುತಾಯಿಯ ಪಾರ್ಟು ಇಟ್ಟಿದ್ದಾರೆಂದೂ, ಮೀಸೆ ಬೋಳಿಸಿಕೊಂಡ ಒಬ್ಬ ಗಂಡಸು ಅದನ್ನು ಆಡುತ್ತಾನೆಂದೂ ಯಾರೋ ಹೇಳಿದರು. ಅವಳು ನಂಬಲಿಲ್ಲ.

ಏಳೆಂಟು ವರ್ಷ ಕಳೆದಿರಬೇಕು. ನ್ಯಾಮತಿಯಲ್ಲಿ ಒಂದು ಮದುವೆ ಮುಗಿಸಿ ಶಿವಮೊಗ್ಗಕ್ಕೆ ಹೊರಟಿದ್ದ ಅವಳ ಬಸ್ಸು ಹಳೇಕೋಟೆ ಕ್ರಾಸಿನ ಹತ್ತಿರ ಪಂಕ್ಚರ್ ಆಯಿತು. ಜನ ಇಳಿದು ಹುಣಸೆಮರದ ನೆರಳಿಗೆ ಸರಿದರು. ಪಕ್ಕದಲ್ಲಿ, ಹಿಂದೆ ನಾಟಕಕ್ಕೆ ಬರುತ್ತಿದ್ದಾಗ ಅವಳು ಕಂಡಿರದ, ಎದೆಮಟ್ಟದ ಕಲ್ಲುಗುಡ್ಡೆಯಿತ್ತು. ಕಂಕುಳಲ್ಲಿ ಕೂಸಿದ್ದ ಹೆಂಗಸೊಬ್ಬಳು ಬಗ್ಗಿ ಕಲ್ಲೊಂದನ್ನು ಆರಿಸಿ ಗುಡ್ಡೆಗೆ ಬೀಸಿದಳು.

"ಅದ್ಯಾಕವ್ವ ಹಾಕ್ತಾರೆ?" ಎಂದು ಕೇಳಿದಳು ಸಾವಂತ್ರಮ್ಮ.

"ಈ ಸೀಮೆಯೋರಲ್ವೇನ್ರಿ ನೀವು? ಹಾಲಗೊಂಡ ನಾಯಕನ್ನ ಸಾಕಿದ ಒಬ್ಬಳು ಇದ್ಳು, ಚೌಡಿ ಅಂತ. ವೈರಿಗಳು ಕೊಟ್ಟ ಸೀರೆ ಆಸೆಗೆ ಬಾಗ್ಲು ತೆಗೆದ್ಳು. ಅವಳನ್ನ ಇಲ್ಲೇ ಕಲ್ಲು ಹೊಡೆದು ಕೊಂದಿದ್ದು. ನಮ್ಮಜ್ಜನ ಕಾಲದಿಂದ್ಲೂ ಹಾದುಹೋಗೋರು ಒಂದೊಂದು ಹಾಕ್ತಾರೆ."

"ಅವಳ ಮಗನ್ನ ಬುರುಜಿಗೆ ಬಲಿ ಕೊಟ್ಟಿದ್ರಲ್ಲ?"

"ಮಗನಾ?" ಹೆಂಗಸು ನಕ್ಕಳು. "ಅವಳಿಗೆಲ್ಲಿ ಮಕ್ಕಳು? ಬಂಜೆ ಅದು. ಹಡೆದೋಳಾಗಿದ್ರೆ ಅಂಥಾ ಕೆಲ್ಸ ಮಾಡ್ತಿದ್ಳಾ? ತಗಳ್ರಿ, ನೀವೂ ಒಂದು ಹಾಕ್ರಿ."

ಅವಳು ಸಾವಂತ್ರಮ್ಮನ ಅಂಗೈಯಲ್ಲಿ ಒಂದು ಕಲ್ಲಿಟ್ಟಳು. ಬಿಸಿಲಿಗೆ ಕಾದಿದ್ದ ಕಲ್ಲು. ಕಂಡಕ್ಟರ್ ಸೀಟಿ ಊದಿದ. ಹೆಂಗಸು ಕೂಸನ್ನು ಅವುಚಿಕೊಂಡು ಓಡಿದಳು.

ಸಾವಂತ್ರಮ್ಮ ಎಲ್ಲರಿಗಿಂತ ಹಿಂದೆ ಬಂದು ಕಿಟಕಿಯ ಪಕ್ಕ ಕೂತಳು. ಕಲ್ಲು ಹಿಡಿದ ಮುಷ್ಟಿ ಬಿಚ್ಚಿರಲಿಲ್ಲ. ಹೊರಗೆ ಆಡೊಂದು ಹುಣಸೆಯ ತಗ್ಗಿನ ಕೊಂಬೆಗೆ ಬಾಯಿ ಹಾಕಲು ಗುಡ್ಡೆ ಹತ್ತುತ್ತಿತ್ತು. ಅದರ ಕಾಲಿಗೆ ಸಿಕ್ಕಿದ ಕಲ್ಲುಗಳು ಒಂದೊಂದಾಗಿ ಉರುಳಿ ರಸ್ತೆಗೆ ಬೀಳುತ್ತಿದ್ದವು.